ಅಂಗೈ ಮೇಲಣ ವಿಮಾನ

೧

ನಮ್ಮ ನಂಟರ ಹುಡುಗನೊಬ್ಬನು ಹೋದ ಬೇಸಗೆಯ ರಜೆಯನ್ನೆಲ್ಲ ಒಂದು ಮೇಜಿನ ಮುಂದೆಯೇ ಕಳೆದನು. ಬೂದುಬಣ್ಣದ ಪ್ಲಾಸ್ಟಿಕ್ಕಿನ ನೂರಾರು ತುಣುಕುಗಳು, ಒಂದು ಸಣ್ಣ ಚೂರಿ, ಒಂದು ಚಿಮುಟ, ಅಂಟಿನ ಬುಡ್ಡಿ, ಎರಡು ಮೂರು ಕುಂಚಗಳು—ಇಷ್ಟೇ ಅವನ ಸಾಮಗ್ರಿ. ಮನೆಯ ಹಿರಿಯರು ಮೊದಲು ನಕ್ಕರು, ಬಳಿಕ ಗದರಿದರು, ಕಡೆಗೆ ತಮ್ಮ ಪಾಡಿಗೆ ತಾವು ಸುಮ್ಮನಾದರು. ತಿಂಗಳು ತುಂಬುವ ಹೊತ್ತಿಗೆ ಆ ತುಣುಕುಗಳೆಲ್ಲ ಒಂದುಗೂಡಿ ನಾಲ್ಕು ಎಂಜಿನುಗಳುಳ್ಳ ಬಾಂಬು ವಿಮಾನವೊಂದರ ಆಕಾರವನ್ನು ತಾಳಿದುವು. ರೆಕ್ಕೆಯ ಈ ಕೊನೆಯಿಂದ ಆ ಕೊನೆಗೆ ಹದಿನಾರೂವರೆ ಅಂಗುಲ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನವರು ಹಾರಿಸಿದ ಸ್ಟರ್ಲಿಂಗ್ ಎಂಬ ವಿಮಾನದ ಪ್ರತಿಕೃತಿ ಅದು. ಅಳತೆಯಲ್ಲಿ ನಿಜವಾದುದರ ೭೨ನೆಯ ಒಂದು ಪಾಲು.

ಹುಡುಗನು ಅದನ್ನು ನನ್ನ ಅಂಗೈಮೇಲಿಟ್ಟು, “ನಿಜವಾದ ವಿಮಾನವನ್ನು ಎಲ್ಲಿ ನೋಡಬಹುದು?” ಎಂದು ಕೇಳಿದನು. ಲಂಡನ್ನಿನ ಯಾವುದಾದರೊಂದು ವಸ್ತುಸಂಗ್ರಹಾಲಯದಲ್ಲಿ ಇದ್ದೀತು ಎಂದು ಹೇಳಿ, ಹೇಳಿದ ಮಾತನ್ನು ಉಳಿಸಿಕೊಳ್ಳಲೋಸುಗ ಪುಸ್ತಕಗಳನ್ನು ತಿರುವಿದೆನು. ದೊರೆತ ಉತ್ತರವು ನಾನು ಎಣಿಸಿದ್ದಂತೆ ಇರಲಿಲ್ಲ. ಎರಡು ಸಾವಿರಕ್ಕೂ ಮಿಗಿಲಾಗಿ ಕಟ್ಟಿದ ಆ ವಿಮಾನಗಳಲ್ಲಿ ಇಂದು ಒಂದಾದರೂ ಇಡಿಯಾಗಿ ಉಳಿದಿಲ್ಲ. ಅಲ್ಲಲ್ಲಿ ನೆಲದಿಂದಲೂ ನೀರಿನಿಂದಲೂ ಎತ್ತಿದ ಮುರುಕುಗಳಿವೆ, ಅಷ್ಟೆ. ಹುಡುಗನ ಮೇಜಿನ ಮೇಲಿದ್ದುದೇ ಈಗ ಆ ವಿಮಾನದ ಪೂರ್ಣರೂಪ.

ಈ ಸಂಗತಿ ಮನಸ್ಸಿನಲ್ಲಿ ನೆಟ್ಟುಕೊಂಡಿತು. ಆಟಿಕೆಯೆಂದು ನಾವು ಕಡೆಗಣಿಸಿದ ವಸ್ತುವು ಮೂಲವು ಅಳಿದ ಮೇಲೆ ಅದರ ಸಾಕ್ಷಿಯಾಗಿ ನಿಂತಿದೆ. ಸಾಕ್ಷಿಯೆಂದ ಮೇಲೆ ಅದು ನಿಜವನ್ನು ನುಡಿಯುತ್ತದೆಯೆ ಎಂಬ ಪ್ರಶ್ನೆ ಏಳುವುದು ಸಹಜ. ಆ ಪ್ರಶ್ನೆಯನ್ನೇ ಹಿಡಿದು ಕಿರುವಿಮಾನಗಳ ಚರಿತ್ರೆಯನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ಮೊದಲು “ವಿಮಾನ” ಎಂಬ ಶಬ್ದವನ್ನೇ ನೋಡೋಣ. “ಮಾ” ಎಂಬ ಧಾತುವಿಗೆ ಅಳೆಯುವುದು ಎಂದು ಅರ್ಥ. ವಿಮಾನವೆಂದರೆ ಮೂಲತಃ ಚೆನ್ನಾಗಿ ಅಳೆದದ್ದು. ಗರ್ಭಗುಡಿಯನ್ನೂ ಅದರ ಮೇಲಣ ಶಿಖರವನ್ನೂ ಶಿಲ್ಪಿಗಳು ಇದೇ ಹೆಸರಿನಿಂದ ಕರೆದರು. ಬೇಲೂರಿನ ಚೆನ್ನಕೇಶವ ದೇವಾಲಯದ ಶಿಖರವು ಈಗ ಇಲ್ಲ. ಆದರೆ ಅಲ್ಲಿಯ ಮೆಟ್ಟಿಲುಗಳ ಇಕ್ಕೆಲಗಳಲ್ಲಿ ಆಳೆತ್ತರದ ಕಿರುಗುಡಿಗಳು ನಿಂತಿರುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಕಾಣದಾದ ಹಿರಿಯ ಶಿಖರವು ಹೇಗಿದ್ದಿರಬೇಕೆಂಬುದನ್ನು ಊಹಿಸುವವರು ಈ ಕಿರುಗುಡಿಗಳ ಕಡೆಗೇ ತಿರುಗುತ್ತಾರೆ. ಹಿರಿದು ಬಿದ್ದುಹೋಗಿ ಕಿರಿದು ಉಳಿಯುವುದು ಈ ನಾಡಿಗೆ ಹೊಸದಲ್ಲ. ಆ ಕಿರಿದು ಅಳತೆಯನ್ನು ಬಿಡದೆ ಇದ್ದರೆ ಮಾತ್ರ ಅದರಿಂದ ಪ್ರಯೋಜನ.

೨

ಮನುಷ್ಯನನ್ನು ಹೊತ್ತ ಯಂತ್ರವಿಮಾನವು ಹಾರುವುದಕ್ಕೆ ಮೂವತ್ತು ವರ್ಷಗಳಿಗೆ ಮೊದಲೇ ಕಿರುವಿಮಾನವು ಹಾರಿತು. ಅದನ್ನು ಹಾರಿಸಿದವನು ಆಲ್ಫೋನ್ಸ್ ಪೆನೋ ಎಂಬ ಫ್ರೆಂಚ್ ತರುಣನು. ಅವನ ತಂದೆ ನೌಕಾಸೈನ್ಯದ ದೊಡ್ಡ ಅಧಿಕಾರಿ. ಮಗನಿಗೂ ಕಡಲಿನ ಮೇಲೆಯೇ ಆಸೆ. ಆದರೆ ಸೊಂಟದ ಕೀಲಿನ ಬೇನೆಯಿಂದ ಆ ದಾರಿ ಮುಚ್ಚಿಹೋಯಿತು. ನೆಲದ ಮೇಲೆ ನಡೆಯಲಾರದವನು ಗಾಳಿಯಲ್ಲಿ ಹಾರುವ ಬಗೆಯನ್ನು ಕುರಿತು ಯೋಚಿಸತೊಡಗಿದನು.

೧೮೭೧ನೆಯ ಇಸವಿಯ ಆಗಸ್ಟ್ ೧೮ರಂದು ಪ್ಯಾರಿಸ್ಸಿನ ಟುಯಿಲರಿ ಉದ್ಯಾನದಲ್ಲಿ ಪೆನೋ ತನ್ನ ಪುಟ್ಟ ಯಂತ್ರವನ್ನು ಹೊರತೆಗೆದನು. ಆ ಉದ್ಯಾನದ ಪಕ್ಕದ ಅರಮನೆ ಅದೇ ವರ್ಷದ ಮೇ ತಿಂಗಳಿನಲ್ಲಿ, ಊರೊಳಗಣ ದಂಗೆಯ ಕಾಲಕ್ಕೆ, ಸುಟ್ಟು ಬೂದಿಯಾಗಿದ್ದಿತು. ಅಂಥ ಸ್ಥಳದಲ್ಲಿ ಅರ್ಧ ಮೀಟರು ಉದ್ದದ ಒಂದು ಕಡ್ಡಿ, ಅದಕ್ಕೆ ಒಂದು ರೆಕ್ಕೆ, ಹಿಂದೊಂದು ಸಣ್ಣ ಬಾಲ, ತುದಿಯಲ್ಲಿ ತಿರುಗುವ ಎಸಳುಗಳು. ಹುರಿಗೊಳಿಸಿದ ರಬ್ಬರೇ ಅದರ ಎಂಜಿನು. ಪೆನೋ ಕೈಬಿಟ್ಟನು, ಅದು ೧೧ ಸೆಕೆಂಡುಗಳ ಕಾಲ ಹಾರಿ ಸುಮಾರು ೪೦ ಮೀಟರು ದೂರದಲ್ಲಿ ನೆಲಕ್ಕಿಳಿಯಿತು. ಬಿದ್ದಿತು ಎನ್ನದೆ ಇಳಿಯಿತು ಎಂದೆನಷ್ಟೆ. ಮುಖ್ಯವಾದ ಮಾತು ಅದೇ. ರೆಕ್ಕೆಯ ತುದಿಗಳನ್ನು ಅವನು ತುಸು ಮೇಲಕ್ಕೆ ಬಾಗಿಸಿದ್ದನು. ಬಾಲವನ್ನು ರೆಕ್ಕೆಗಿಂತ ಸ್ವಲ್ಪ ಬೇರೆಯ ಕೋನದಲ್ಲಿ ಕೂರಿಸಿದ್ದನು. ಇದರಿಂದ ಗಾಳಿಯಲ್ಲಿ ಅಲುಗಿದರೂ ಅದು ತಾನಾಗಿಯೇ ಸರಿಹೋಗುತ್ತಿದ್ದಿತು. ವಿಮಾನದ ಸ್ಥಿರತೆಯ ಗುಟ್ಟನ್ನು ಮೊದಲು ತೆರೆದು ತೋರಿಸಿದ್ದು ಈ ಆಟಿಕೆ.

ಪೆನೋವಿನ ಕಥೆ ಸುಖವಾಗಿ ಮುಗಿಯಲಿಲ್ಲ. ೧೮೭೬ರಲ್ಲಿ ಅವನು ಮನುಷ್ಯರು ಕೂರಬಹುದಾದ ದೊಡ್ಡ ವಿಮಾನವೊಂದರ ನಕ್ಷೆಗಳನ್ನು ಸಿದ್ಧಪಡಿಸಿದನು. ಮಡಿಚಿಕೊಳ್ಳುವ ಗಾಲಿಗಳು ಮೊದಲಾಗಿ ಬಹಳ ಕಾಲದ ಮೇಲೆ ಬಳಕೆಗೆ ಬಂದ ಹಲವು ಉಪಾಯಗಳು ಅದರಲ್ಲಿದ್ದುವು. ಆದರೆ ಹಣಕೊಡುವವರು ಯಾರೂ ಮುಂದೆ ಬರಲಿಲ್ಲ. ೧೮೮೦ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು.

ಆದರೆ ಅಷ್ಟರಲ್ಲಿ ಅವನ ಕಲ್ಪನೆಯು ಕಡಲನ್ನು ದಾಟಿದ್ದಿತು. ೧೮೭೮ರಲ್ಲಿ ಅಮೆರಿಕೆಯ ಅಯೋವಾ ಪ್ರಾಂತದ ಸೀಡರ್ ರ್‍ಯಾಪಿಡ್ಸ್ ಎಂಬ ಊರಿನಲ್ಲಿ ಮಿಲ್ಟನ್ ರೈಟ್ ಎಂಬ ಕ್ರೈಸ್ತ ಧರ್ಮಾಧಿಕಾರಿ ತನ್ನ ಇಬ್ಬರು ಗಂಡುಮಕ್ಕಳಿಗೆ ಒಂದು ಆಟಿಕೆಯನ್ನು ತಂದುಕೊಟ್ಟನು. ಬೆಂಡು, ಬಿದಿರು, ಕಾಗದ, ರಬ್ಬರು ಇವುಗಳಿಂದಾದ ಅದು ಪೆನೋವಿನ ಹೆಲಿಕಾಪ್ಟರಿನ ಮಾದರಿ. ತಂದೆಯ ಕೈಬಿಟ್ಟು ಅದು ಮೇಲೆದ್ದು ಮಾಳಿಗೆಯನ್ನು ಮುಟ್ಟಿತು. ಹುಡುಗರು ಅದಕ್ಕೆ “ಬಾವಲಿ” ಎಂದು ಹೆಸರಿಟ್ಟರು. ಅದು ಮುರಿದ ಮೇಲೆ ತಾವೇ ಅಂಥವನ್ನು ಮಾಡತೊಡಗಿದರು. ದೊಡ್ಡದಾಗಿ ಮಾಡಿದಷ್ಟೂ ಅದು ಕಡಮೆ ಹಾರುತ್ತಿದ್ದಿತು. ಕಾರಣವೇನೆಂದು ಆಗ ಅವರಿಗೆ ತಿಳಿಯಲಿಲ್ಲ. ಉದ್ದಗಲಗಳನ್ನು ಎರಡರಷ್ಟು ಮಾಡಿದರೆ ಶಕ್ತಿ ಎಂಟರಷ್ಟು ಬೇಕಾಗುವುದೆಂಬ ಲೆಕ್ಕ ಮುಂದೆ ಅವರಿಗೆ ತಿಳಿಯಿತು. ಆ ಹುಡುಗರೇ ವಿಲ್ಬರ್ ಮತ್ತು ಆರ್ವಿಲ್. ೧೯೦೩ರ ಡಿಸೆಂಬರ್ ೧೭ರಂದು ಅವರು ಮಾಡಿದುದನ್ನು ಲೋಕವೆಲ್ಲ ಬಲ್ಲದು. ಕಿರುವಿಮಾನವು ಅವರಿಗೆ ಎರಡು ಪಾಠಗಳನ್ನು ಹೇಳಿಕೊಟ್ಟಿತು: ಹಾರುವುದು ಸಾಧ್ಯವೆಂಬುದು ಒಂದು, ಕಿರಿದರ ನ್ಯಾಯವನ್ನು ಹಾಗೆಯೇ ಹಿರಿದಕ್ಕೆ ಹಚ್ಚಲಾಗದೆಂಬುದು ಇನ್ನೊಂದು.

೩

ವಿಮಾನಗಳು ಆಕಾಶದಲ್ಲಿ ಸಾಮಾನ್ಯವಾದ ಮೇಲೆ ಕಿರುವಿಮಾನದ ಕೆಲಸವು ಬದಲಾಯಿತು. ಹಾರುವುದಕ್ಕೆ ಹಿರಿಯವೇ ಇದ್ದುವು. ಜನರು ಅವುಗಳ ರೂಪವನ್ನು ಮನೆಯಲ್ಲಿ ಇಟ್ಟುಕೊಳ್ಳಬಯಸಿದರು. ಹೀಗೆ ಹಾರದ, ಆದರೆ ಯಥಾಪ್ರಮಾಣವಾದ ಪ್ರತಿಕೃತಿಗಳು ಹುಟ್ಟಿಕೊಂಡುವು.

ಪ್ರಮಾಣವೆಂಬುದು ಇಲ್ಲಿಯ ಮುಖ್ಯ ಮಾತು. ೧೯೩೦ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ಜೇಮ್ಸ್ ಹೇ ಸ್ಟೀವನ್ಸ್ ಎಂಬವರು ರಚಿಸಿದ ಸ್ಕೈಬರ್ಡ್ಸ್ ಎಂಬ ಹೆಸರಿನ ಮರದ ಕಿಟ್ಟುಗಳು ೧/೭೨ ಎಂಬ ಪ್ರಮಾಣವನ್ನು ಬಳಕೆಗೆ ತಂದುವು. ಎಪ್ಪತ್ತೆರಡೇ ಏಕೆ ಎಂದರೆ, ಆರು ಅಡಿಗೆ ಒಂದು ಅಂಗುಲ. ಆರಡಿಯ ಮನುಷ್ಯನು ಈ ಲೋಕದಲ್ಲಿ ಒಂದು ಅಂಗುಲ ಎತ್ತರವಾಗುತ್ತಾನೆ. ನಮ್ಮ ಶಿಲ್ಪಿಗಳು ಮುಖದ ಉದ್ದವನ್ನು ತಾಳವೆಂದಿಟ್ಟುಕೊಂಡು ಇಡೀ ವಿಗ್ರಹವನ್ನು ಅದರಿಂದ ಅಳೆದಂತೆ, ಇಲ್ಲಿಯೂ ಮನುಷ್ಯದೇಹವೇ ಮಾನದಂಡವಾಯಿತು. ವಿಮಾನದ ಪ್ರತಿಕೃತಿಗಳಲ್ಲಿ ಇಂದಿಗೂ ಬಹುವಾಗಿ ಕಾಣುವ ಪ್ರಮಾಣಗಳಲ್ಲಿ ಇದು ಒಂದು.

ಆ ಮರದ ಕಿಟ್ಟುಗಳಲ್ಲಿ ಕೊಳ್ಳುವವನಿಗೆ ದೊರೆಯುತ್ತಿದ್ದುದು ಅರೆಗೆತ್ತಿದ ಮರದ ತುಂಡುಗಳು, ಕೆಲವು ಲೋಹದ ಬಿಡಿಭಾಗಗಳು, ಒಂದು ನಕ್ಷೆ. ಉಳಿದುದನ್ನು ಅವನೇ ಕೆತ್ತಬೇಕು, ಮರಳುಕಾಗದದಿಂದ ತಿಕ್ಕಬೇಕು, ನಕ್ಷೆಯೊಡನೆ ಹೋಲಿಸಬೇಕು, ಮತ್ತೆ ತಿಕ್ಕಬೇಕು. ಎಡದ ರೆಕ್ಕೆ ಬಲದ ರೆಕ್ಕೆಗಿಂತ ಕೂದಲಷ್ಟು ದಪ್ಪವಾದರೂ ಕಣ್ಣಿಗೆ ಕುತ್ತುತ್ತಿದ್ದಿತು. ತಪ್ಪಿಗೂ ಒಪ್ಪಿಗೂ ಕಟ್ಟಿದವನೇ ಹೊಣೆ.

೧೯೩೬ರಲ್ಲಿ ಇಂಗ್ಲೆಂಡಿನಲ್ಲಿಯೇ ಒಂದು ಹೊಸ ಬಗೆ ಕಾಣಿಸಿಕೊಂಡಿತು. ಫ್ರಾಗ್ ಎಂಬ ಹೆಸರಿನಲ್ಲಿ ಹಾರುವ ಆಟಿಕೆಗಳನ್ನು ಮಾಡುತ್ತಿದ್ದ ಸಂಸ್ಥೆಯು ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ಕಿನ ತುಣುಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿತು. ಪ್ರಮಾಣವು ೧/೭೨; ಹೆಸರು ಪೆಂಗ್ವಿನ್. ಪೆಂಗ್ವಿನ್ ರೆಕ್ಕೆಯಿದ್ದೂ ಹಾರದ ಹಕ್ಕಿ. ಈ ವಿಮಾನಗಳೂ ಹಾಗೆಯೇ. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆಯಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಪ್ಲಾಸ್ಟಿಕ್ ವಿಮಾನ ಕಿಟ್ಟುಗಳ ವಂಶಾವಳಿಯನ್ನು ಇಲ್ಲಿಂದ ಎಣಿಸುವುದು ವಾಡಿಕೆ. ಆದರೆ ಆ ಕಾಲದ ಪ್ಲಾಸ್ಟಿಕ್ಕು, ಸೆಲ್ಯುಲೋಸ್ ಅಸಿಟೇಟ್ ಎಂಬುದು, ವರ್ಷಗಳು ಕಳೆದಂತೆ ಕುಗ್ಗುತ್ತದೆ, ಸೊಟ್ಟಗಾಗುತ್ತದೆ. ಅಂದಿನ ಹಲವು ವಿಮಾನಗಳು ಇಂದು ಒಣಗಿದ ಎಲೆಯಂತೆ ಮುರುಟಿವೆ. ಸಾಕ್ಷಿಗೂ ಮುಪ್ಪು ಬರುತ್ತದೆ.

೪

ಹುಡುಗರ ಕೈಯಲ್ಲಿದ್ದ ಈ ವಸ್ತುವಿಗೆ ಹಿರಿಯರ ಲೋಕದಲ್ಲಿ ಬೆಲೆ ಬಂದದ್ದು ಯುದ್ಧದಿಂದ. ೧೯೩೯ರ ಸೆಪ್ಟೆಂಬರ್ ೩ರಂದು ಇಂಗ್ಲೆಂಡು ಜರ್ಮನಿಯ ಮೇಲೆ ಯುದ್ಧವನ್ನು ಸಾರಿತು. ಮೂರನೆಯ ದಿನ, ೬ರ ಬೆಳಗ್ಗೆ, ಶತ್ರುವಿಮಾನಗಳು ಬರುತ್ತಿವೆಯೆಂಬ ಸುಳ್ಳು ಸೂಚನೆಯೊಂದು ಹೊರಟಿತು. ಎದುರಿಸಲೆಂದು ಮೇಲೇರಿದ ಇಂಗ್ಲೆಂಡಿನ ಹರಿಕೇನ್ ವಿಮಾನಗಳನ್ನೇ ಶತ್ರುಗಳೆಂದು ಬಗೆದು ಇಂಗ್ಲೆಂಡಿನ ಸ್ಪಿಟ್‌ಫೈರುಗಳು ಗುಂಡು ಹಾರಿಸಿದುವು. ಎರಡು ಹರಿಕೇನುಗಳು ಬಿದ್ದುವು. ಮಾಂಟೇಗ್ಯೂ ಹಲ್ಟನ್-ಹ್ಯಾರಪ್ ಎಂಬ ಯುವಕನು ಸತ್ತನು. ಈ ಅನಾಹುತಕ್ಕೆ ಬಾರ್ಕಿಂಗ್ ಕ್ರೀಕಿನ ಕದನವೆಂದು ಜನರು ಕಹಿಯಾದ ಹೆಸರಿಟ್ಟರು. ಅದಕ್ಕೆ ಕಾರಣಗಳು ಹಲವಿದ್ದುವು. ನೆಲದ ಮೇಲಣ ಯಂತ್ರಗಳೂ ಅಪ್ಪಣೆಗಳೂ ತಪ್ಪಿದುವು. ಆದರೂ ಕೊನೆಯ ಗಳಿಗೆಯಲ್ಲಿ ತಪ್ಪಿದ್ದು ಕಣ್ಣು. ತನ್ನವರ ವಿಮಾನವನ್ನು ದೂರದಿಂದ ಗುರುತಿಸಲಾರದೆ ಹೋದರೆ ಏನಾಗುವುದೆಂಬುದನ್ನು ಅದು ರಕ್ತದಿಂದ ಬರೆದು ತೋರಿಸಿತು.

ಗುರುತಿಸುವ ವಿದ್ಯೆಯನ್ನು ಕಲಿಸುವುದಕ್ಕೆ ಚಿತ್ರಗಳಿದ್ದುವು, ನೆರಳುರೂಪಗಳಿದ್ದುವು. ಆದರೆ ಚಿತ್ರವು ಒಂದೇ ಮಗ್ಗುಲನ್ನು ತೋರಿಸುತ್ತದೆ; ವಿಮಾನವಾದರೋ ಯಾವ ಮಗ್ಗುಲಿನಿಂದಲಾದರೂ ಬಂದೀತು. ಆದುದರಿಂದ ಕಿರುವಿಮಾನಗಳು ಬೇಕಾದುವು. ಲೆಕ್ಕವೂ ಸುಲಭ: ೧/೭೨ ಪ್ರಮಾಣದ ಪ್ರತಿಕೃತಿಯನ್ನು ೩೫ ಅಡಿ ದೂರದಲ್ಲಿ ಹಿಡಿದರೆ, ನಿಜವಾದ ವಿಮಾನವು ಸುಮಾರು ಅರ್ಧ ಮೈಲಿಯ ದೂರದಲ್ಲಿ ಕಾಣುವಷ್ಟೇ ಕಾಣುತ್ತದೆ. ಒಂದು ಕೊಠಡಿಯ ಗೋಡೆಗಳ ಒಳಗೆ ಇಡೀ ಆಕಾಶವನ್ನು ತರಬಹುದು.

೧೯೪೨ರ ಮೊದಲಲ್ಲಿ ಅಮೆರಿಕೆಯ ನೌಕಾಪಡೆಯು ತನ್ನ ದೇಶದ ಶಾಲೆಗಳಿಗೆ ಒಂದು ಕೋರಿಕೆಯನ್ನು ಕಳುಹಿಸಿತು: ೫೦ ಬಗೆಯ ವಿಮಾನಗಳು, ಒಂದೊಂದು ಬಗೆಯಲ್ಲಿ ೧೦,೦೦೦ದಂತೆ ಒಟ್ಟು ೫,೦೦,೦೦೦ ಪ್ರತಿಕೃತಿಗಳು ಬೇಕು, ಮಕ್ಕಳು ಮರದಲ್ಲಿ ಕೆತ್ತಿ ಕೊಡಬೇಕು. ನಕ್ಷೆಗಳನ್ನೂ ಅಚ್ಚುಪಟ್ಟಿಗಳನ್ನೂ ಶಾಲೆಗಳಿಗೆ ಒದಗಿಸಿದರು. ಬಣ್ಣ ಒಂದೇ, ಕಪ್ಪು. ಆಕಾಶಕ್ಕೆದುರಾಗಿ ಆಕಾರ ಮಾತ್ರ ಕಾಣಬೇಕಷ್ಟೆ. ಇಲ್ಲಿ ಅಲಂಕಾರಕ್ಕೆ ಎಡೆಯೇ ಇರಲಿಲ್ಲ. ಮಗುವೊಂದು ರೆಕ್ಕೆಯ ಓರೆಯನ್ನು ತಪ್ಪಾಗಿ ಕೆತ್ತಿದರೆ ಆ ತಪ್ಪನ್ನೇ ಕಲಿತ ಯೋಧನು ಸಾಗರದ ನಡುವೆ ಸ್ನೇಹಿತನನ್ನು ಶತ್ರುವೆಂದು ತಿಳಿದಾನು. ಆ ಮೇಲೆ ಕಾರ್ಖಾನೆಗಳು ಪ್ಲಾಸ್ಟಿಕ್ಕಿನಲ್ಲಿ ಎರೆದ ಪ್ರತಿಕೃತಿಗಳನ್ನು ರಾಶಿ ರಾಶಿಯಾಗಿ ಒದಗಿಸಿ ಮಕ್ಕಳ ಹೊರೆಯನ್ನು ಇಳಿಸಿದುವು. ಆದರೆ ಅಳತೆಯ ಸತ್ಯಕ್ಕೂ ಮನುಷ್ಯನ ಪ್ರಾಣಕ್ಕೂ ಇಷ್ಟು ಹತ್ತಿರದ ನಂಟು ಆಟಿಕೆಯ ಚರಿತ್ರೆಯಲ್ಲಿ ಮತ್ತೆಲ್ಲಿಯೂ ಕಾಣುವುದಿಲ್ಲ.

೫

ಈಗ ಸ್ಟರ್ಲಿಂಗ್ ವಿಮಾನಕ್ಕೆ ಹಿಂದಿರುಗೋಣ. ಅದರ ಜನ್ಮದಲ್ಲಿಯೂ ಒಂದು ಪ್ರತಿಕೃತಿಯ ಕಥೆಯಿದೆ.

ಆ ವಿಮಾನವನ್ನು ರಚಿಸಿದ ಷಾರ್ಟ್ ಸಂಸ್ಥೆಯವರು ಮೊದಲು ಅದರ ಅರ್ಧ ಅಳತೆಯ ಒಂದು ಮರದ ವಿಮಾನವನ್ನು ಕಟ್ಟಿದರು. ಇದು ಮೇಜಿನ ಮೇಲಿಡತಕ್ಕುದಲ್ಲ. ನಾಲ್ಕು ಸಣ್ಣ ಎಂಜಿನುಗಳೂ ಒಳಗೆ ಮನುಷ್ಯರೂ ಇದ್ದು ನಿಜವಾಗಿ ಹಾರತಕ್ಕುದು. ೧೯೩೮ರ ಸೆಪ್ಟೆಂಬರ್ ೧೯ರಂದು ರಾಚೆಸ್ಟರಿನಲ್ಲಿ ಜಾನ್ ಲ್ಯಾಂಕೆಸ್ಟರ್ ಪಾರ್ಕರ್ ಅದನ್ನು ಹಾರಿಸಿದರು. ಬಳಿಕ ಪರೀಕ್ಷಿಸಿದ ಸೈನ್ಯದ ಚಾಲಕರು ಒಂದು ದೋಷವನ್ನು ಎತ್ತಿ ಹೇಳಿದರು: ನೆಲವನ್ನು ಬಿಟ್ಟೇಳುವುದಕ್ಕೆ ಇದು ಬಹಳ ದೂರ ಓಡಬೇಕಾಗುತ್ತದೆ, ರೆಕ್ಕೆಯು ಗಾಳಿಗೆ ಇನ್ನೂ ಮೂರು ಡಿಗ್ರಿಗಳಷ್ಟು ಹೆಚ್ಚಾಗಿ ಎದೆಗೊಡಬೇಕು. ಇದಕ್ಕೆ ನೇರವಾದ ಉಪಾಯವೆಂದರೆ ರೆಕ್ಕೆಯನ್ನು ದೇಹಕ್ಕೆ ಜೋಡಿಸುವ ಕೋನವನ್ನೇ ಬದಲಾಯಿಸುವುದು. ಆದರೆ ಕಾರ್ಖಾನೆಯ ಸಿದ್ಧತೆಗಳು ಆಗಲೇ ಬಹಳ ಮುಂದುವರಿದಿದ್ದುವು. ಯುದ್ಧವು ಬಾಗಿಲಿನಲ್ಲಿ ನಿಂತಿದ್ದಿತು. ಆದುದರಿಂದ ರೆಕ್ಕೆಯನ್ನು ಮುಟ್ಟದೆ ವಿಮಾನದ ಗಾಲಿಕಾಲುಗಳನ್ನು ಉದ್ದಮಾಡಿ, ನಿಂತಾಗಲೇ ಮೂಗು ಮೇಲೆತ್ತಿರುವಂತೆ ಮಾಡಿದರು. ನೆಗಡಿಗೆ ಮೂಗನ್ನು ಬಿಟ್ಟು ಕಾಲಿಗೆ ಔಷಧ ಹಚ್ಚಿದಂತಾಯಿತು. ೧೯೩೯ರ ಮೇ ೧೪ರಂದು ಪೂರ್ಣಗಾತ್ರದ ಮೊದಲನೆಯ ಸ್ಟರ್ಲಿಂಗ್ ಹಾರಿ ಇಳಿಯುವಾಗ ಗಾಲಿಯೊಂದರ ಬ್ರೇಕು ಬಿಗಿದುಕೊಂಡು, ಆ ನೀಳವಾದ ಕಾಲುಗಳು ಕುಸಿದು, ವಿಮಾನವು ಮತ್ತೆ ಏಳದಂತೆ ಹಾಳಾಯಿತು. ಮುಂದೆ ಸೇವೆಯಲ್ಲಿದ್ದಷ್ಟು ಕಾಲವೂ ಗಾಲಿಕಾಲು ಅದರ ದುರ್ಬಲವಾದ ಅಂಗವಾಗಿಯೇ ಉಳಿಯಿತು. ಕಿರಿದು ನಿಜವನ್ನು ಹೇಳಿತು. ಹಿರಿಯರು ಅದನ್ನು ಅರ್ಧ ಕೇಳಿದರು.

ಇದಕ್ಕೆ ಜೊತೆಯಾದ ಇನ್ನೊಂದು ಕಥೆ ನಮ್ಮ ಬೆಂಗಳೂರಿನದು. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರ ಉದ್ಯಮದಿಂದಲೂ ಮೈಸೂರು ಸರ್ಕಾರದ ನೆರವಿನಿಂದಲೂ ಅಲ್ಲಿ ಹುಟ್ಟಿದ ವಿಮಾನ ಕಾರ್ಖಾನೆಗೆ ೧೯೫೬ರಲ್ಲಿ ಜರ್ಮನಿಯ ಪ್ರಸಿದ್ಧ ರಚನಕಾರ ಕುರ್ಟ್ ಟ್ಯಾಂಕ್ ಬಂದರು. ಭಾರತದಲ್ಲಿಯೇ ರಚಿತವಾದ ಮೊದಲನೆಯ ಜೆಟ್ ಹೋರಾಟದ ವಿಮಾನವಾದ ಮಾರುತವು ಅವರ ಮುಂದಾಳುತನದಲ್ಲಿ ರೂಪುಗೊಂಡಿತು. ಲೋಹದ ವಿಮಾನವನ್ನು ಹಾರಿಸುವುದಕ್ಕೆ ಮೊದಲು ಅದೇ ಅಳತೆಯ, ಅದೇ ಆಕಾರದ, ಎಂಜಿನಿಲ್ಲದ ಒಂದು ಮರದ ವಿಮಾನವನ್ನು ಕಟ್ಟಿ ೧೯೫೯ರಲ್ಲಿ ಡಕೋಟಾ ವಿಮಾನದ ಹಿಂದೆ ಹಗ್ಗದಿಂದ ಎಳೆದೊಯ್ದು, ಮೇಲೆ ಕೈಬಿಟ್ಟು ತೇಲಿಸಿದರು. ಬಡಗಿಯ ಕೈಯಿಂದಾದ ಆ ಪ್ರತಿಕೃತಿಯು ಹಲವು ಬಾರಿ ಹಾರಿ ತನ್ನ ಗುಣಗಳನ್ನು ತೋರಿಸಿದ ಮೇಲೆ, ೧೯೬೧ರ ಜೂನ್ ತಿಂಗಳಿನಲ್ಲಿ ನಿಜವಾದ ಮಾರುತವು ಆಕಾಶಕ್ಕೇರಿತು. ಅದರ ನಡೆನುಡಿಗಳು ನೇರವಾಗಿದ್ದುವೆಂದು ಚಾಲಕರು ಹೊಗಳಿದರು. ಅದಕ್ಕಿದ್ದ ಕೊರತೆ ಒಂದೇ: ರಚಿಸಿದವರು ಬಯಸಿದ ಶಕ್ತಿಯ ಎಂಜಿನು ಅದಕ್ಕೆ ಕೊನೆಯವರೆಗೂ ದೊರೆಯಲಿಲ್ಲ. ಎಂಜಿನಿಲ್ಲದ ಮರದ ಪ್ರತಿಕೃತಿಯು ಆ ವಿಷಯದಲ್ಲಿ ಏನನ್ನೂ ಹೇಳುವಂತಿರಲಿಲ್ಲ. ಪ್ರತಿಕೃತಿಯು ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ವಸ್ತುಸಂಗ್ರಹಾಲಯಕ್ಕೆ ಹೋಗುವವರು ಮಾರುತವನ್ನು ಕಂಡಾಗ ಅದಕ್ಕೆ ಮುಂಚೆ ಹಾರಿದ ಮರದ ಅಣ್ಣನನ್ನೂ ನೆನೆಯುವುದು ಒಳ್ಳೆಯದು.

೬

ಯುದ್ಧವು ಮುಗಿದ ಮೇಲೆ ಪಾಲಿಸ್ಟೈರೀನ್ ಎಂಬ ಹೊಸ ಪ್ಲಾಸ್ಟಿಕ್ಕು ಬಳಕೆಗೆ ಬಂದಿತು. ಕಾಯಿಸಿ ಕರಗಿಸಿದ ಇದನ್ನು ಉಕ್ಕಿನ ಅಚ್ಚಿನೊಳಕ್ಕೆ ಬಲವಾಗಿ ಒತ್ತಿದರೆ ಕೂದಲೆಳೆಯಷ್ಟು ಸಣ್ಣ ಗೆರೆಯೂ ಮೂಡುತ್ತದೆ. ಆರಿದ ಮೇಲೆ ಮುರುಟುವುದಿಲ್ಲ. ಅಚ್ಚು ಕೊರೆಯುವುದಕ್ಕೆ ಬಹಳ ಹಣ ಬೇಕು. ಕೊರೆದ ಮೇಲೆ ಒಂದೊಂದು ಪ್ರತಿಗೆ ತಗಲುವುದು ಅತ್ಯಲ್ಪ. ಹಂಗೆರಿಯಿಂದ ಬಂದು ನೆಲೆಸಿದ ನಿಕೊಲಸ್ ಕೋವ್ ಎಂಬವರು ೧೯೩೯ರಲ್ಲಿ ಸ್ಥಾಪಿಸಿದ ಏರ್‌ಫಿಕ್ಸ್ ಸಂಸ್ಥೆಯು ಮೊದಲು ಗಾಳಿ ತುಂಬಿದ ರಬ್ಬರಿನ ಬೊಂಬೆಗಳನ್ನೂ ಬಳಿಕ ಬಾಚಣಿಗೆಗಳನ್ನೂ ಮಾಡುತ್ತಿದ್ದುದು, ೧೯೫೨ರಲ್ಲಿ ಒಂದು ಹಡಗಿನ ಕಿಟ್ಟನ್ನೂ ೧೯೫೩ರಲ್ಲಿ ಸ್ಪಿಟ್‌ಫೈರ್ ವಿಮಾನದ ಕಿಟ್ಟನ್ನೂ ಎರಡೇ ಷಿಲಿಂಗಿಗೆ ಅಂಗಡಿಗಳಲ್ಲಿ ಮಾರಿಸಿತು. ವಿಮಾನವು ಬಡವರ ಮನೆಯ ಹುಡುಗನಿಗೂ ಎಟುಕಿತು. ಜಪಾನಿನ ಶಿಜುಓಕ ಪಟ್ಟಣದಲ್ಲಿ ೧೯೪೬ರಲ್ಲಿ ಮರಕೊಯ್ಯುವ ಕಾರ್ಖಾನೆಯಾಗಿ ಮೊದಲಾದ ಟಮಿಯಾ ಸಂಸ್ಥೆಯೂ ಮರದ ಪ್ರತಿಕೃತಿಗಳಿಂದ ಪ್ಲಾಸ್ಟಿಕ್ಕಿಗೆ ತಿರುಗಿ, ತುಣುಕಿಗೆ ತುಣುಕು ಕಚ್ಚಿ ಕೂರುವ ನಯಕ್ಕೆ ಹೆಸರಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತಿದೆ. ಏರ್‌ಫಿಕ್ಸಿನ ಆ ಮೊದಲನೆಯ ಸ್ಪಿಟ್‌ಫೈರು ನಿಜವಾದ ವಿಮಾನವನ್ನು ಅಳೆದು ಮಾಡಿದ್ದಲ್ಲ, ಅಮೆರಿಕೆಯ ಇನ್ನೊಂದು ಕಿಟ್ಟನ್ನು ಕುಗ್ಗಿಸಿ ಮಾಡಿದ್ದು ಎಂದು ಈ ವಿಷಯದ ಚರಿತ್ರಕಾರರು ಹೇಳುತ್ತಾರೆ. ಪ್ರತಿಯ ಪ್ರತಿಯಲ್ಲಿ ಮೊದಲ ಪ್ರತಿಯ ತಪ್ಪುಗಳೂ ಇಳಿದುಬರುವುದನ್ನು ಓಲೆಗರಿಗಳನ್ನು ಪರಿಶೋಧಿಸುವ ನಮ್ಮ ಪಂಡಿತರು ಬಲ್ಲರು. ಕಿಟ್ಟು ಕ್ಷಣದಲ್ಲಿ ಖರ್ಚಾಯಿತು. ಆದರೆ ಬಲ್ಲವರು ಆಕಾರವು ತಪ್ಪಿದೆಯೆಂದರು. ೧೯೬೦ರಲ್ಲಿ ಅದೇ ಸಂಸ್ಥೆಯು ಹೊಸ ಅಚ್ಚಿನ ಬೇರೊಂದು ಸ್ಪಿಟ್‌ಫೈರನ್ನು ಹೊರತಂದಿತು. ಕೊಳ್ಳುವ ಹುಡುಗರು ಬೆಳೆದು ದೊಡ್ಡವರಾಗಿ, ಅಳತೆಪಟ್ಟಿಯನ್ನು ಹಿಡಿದು, ತಯಾರಕರನ್ನು ತಿದ್ದತೊಡಗಿದರು.

ಹೀಗೆ ಬೆಳೆದದ್ದೇ ವಿವರಗಾರಿಕೆ ಎಂಬ ಕಲೆ. ಆ ಕಾಲದ ಕಿಟ್ಟುಗಳ ಮೈತುಂಬ ರಿವೆಟ್ಟುಗಳು ಗುಳ್ಳೆಗಳಂತೆ ಎದ್ದಿರುತ್ತಿದ್ದುವು. ಅರ್ಧ ಮಿಲಿಮೀಟರು ಎತ್ತರದ ಒಂದು ಗುಳ್ಳೆಯನ್ನು ೭೨ರಿಂದ ಗುಣಿಸಿದರೆ ೩೬ ಮಿಲಿಮೀಟರಾಯಿತು. ಅಂಥ ರಿವೆಟ್ಟು ನಿಜವಾದ ವಿಮಾನದಲ್ಲಿ ಇದ್ದರೆ ಅದು ಹಾರೀತೆ? ರೆಕ್ಕೆಯ ಹಿಂಬದಿಯ ಅಂಚು ಒಂದು ಮಿಲಿಮೀಟರು ದಪ್ಪವಿದ್ದರೆ ಮೂಲದಲ್ಲಿ ೭೨ ಮಿಲಿಮೀಟರು, ಹಲಗೆಯಷ್ಟು ದಪ್ಪ. ಆದುದರಿಂದ ಶ್ರದ್ಧೆಯುಳ್ಳವರು ಗುಳ್ಳೆಗಳನ್ನು ತಿಕ್ಕಿ ತೆಗೆದು, ಸೂಜಿಯಿಂದ ಸಣ್ಣ ಗೆರೆಗಳನ್ನು ಕೊರೆಯುತ್ತಾರೆ. ಅಂಚುಗಳನ್ನು ಹೆರೆದು ತೆಳುವಾಗಿಸುತ್ತಾರೆ. ಚಾಲಕನ ಗೂಡಿನೊಳಗೆ ತಾಮ್ರದ ಎಳೆಯಿಂದ ಕೊಳವೆಗಳನ್ನೂ, ಸೀಸದ ತೆಳು ತಗಡಿನಿಂದ ಪೀಠದ ಪಟ್ಟಿಗಳನ್ನೂ ಮಾಡುತ್ತಾರೆ. ಆಮ್ಲದಿಂದ ಕೊರೆದ ಹಿತ್ತಾಳೆಯ ಕಿರುತಗಡುಗಳು ಈಗ ಅಂಗಡಿಗಳಲ್ಲಿಯೇ ದೊರೆಯುತ್ತವೆ. ಎರಡು ಅರೆಗಳು ಕೂಡಿದ ಸಂದನ್ನು ಪುಟ್ಟಿಯಿಂದ ತುಂಬಿ, ಬೆರಳಿಗೂ ಸಿಕ್ಕದಂತೆ ತಿಕ್ಕುವುದರಲ್ಲಿಯೇ ವಾರಗಳು ಕಳೆಯುವುದುಂಟು.

ಆದರೆ ಇಲ್ಲಿಯೂ ಅತಿ ಎಂಬುದು ಇದೆ. ತಟ್ಟೆಗಳ ಸಂದುಗಳೆಲ್ಲ ಕಾಣಲೆಂದು ಕಪ್ಪು ನೀರುಬಣ್ಣವನ್ನು ಹರಿಸುವವರು ಕೆಲವರು. ಎಲ್ಲ ವಿಮಾನವೂ ಹಳೆಯದಾಗಿ ಕಾಣಬೇಕೆಂದು ತುಕ್ಕನ್ನೂ ಹೊಗೆಯನ್ನೂ ಬಳಿಯುವವರು ಕೆಲವರು. ಇದು ಕಣ್ಣಿಗೆ ಹಚ್ಚುವ ಕಾಡಿಗೆಯನ್ನು ಕೆನ್ನೆಗೂ ಹಚ್ಚಿದಂತೆ. ವಿವರವು ಹೆಚ್ಚಿತೆಂದ ಮಾತ್ರಕ್ಕೆ ಸತ್ಯವು ಹೆಚ್ಚಲಿಲ್ಲ. ಯಾವುದು ೭೨ ಪಾಲು ದೂರದಿಂದ ಕಾಣದೋ ಅದನ್ನು ಬಿಡುವುದೂ ಸತ್ಯದ ಒಂದು ಭಾಗವೇ. ತೂಕದ ವಿಷಯದಲ್ಲಿಯೂ ಹೀಗೆಯೇ. ಸುಮಾರು ೫,೮೦೦ ಪೌಂಡು ತೂಗುವ ಮೊದಲ ಸ್ಪಿಟ್‌ಫೈರನ್ನು ಉದ್ದ, ಅಗಲ, ಎತ್ತರ ಮೂರರಲ್ಲಿಯೂ ೭೨ರಿಂದ ಭಾಗಿಸಿದರೆ ಕಿರುವಿಮಾನವು ಏಳು ಗ್ರಾಂ ಮಾತ್ರ ತೂಗಬೇಕು. ರೈಟ್ ಹುಡುಗರು ತಲೆ ಕೆರೆದುಕೊಂಡ ಲೆಕ್ಕ ಇದೇ. ಪ್ರತಿಕೃತಿಯು ರೂಪದಲ್ಲಿ ಸತ್ಯವಾದೀತು, ಭಾರದಲ್ಲಿ ಆಗದು. ತನ್ನ ಮೇರೆಯನ್ನು ಬಲ್ಲ ಸಾಕ್ಷಿಯೇ ನಂಬತಕ್ಕ ಸಾಕ್ಷಿ.

೭

ಕೊನೆಯದಾಗಿ ಒಂದು ಶಂಕೆ ಉಳಿಯುತ್ತದೆ. ಮನೆವಂದಿಗರಾದ ವಾಚಕರ ಮನಸ್ಸಿನಲ್ಲಿಯೂ ಅದು ಎದ್ದಿರಬಹುದು. ಈ ಕಿಟ್ಟುಗಳಲ್ಲಿ ಬಹುಪಾಲು ಯುದ್ಧವಿಮಾನಗಳೇ. ಊರುಗಳನ್ನು ಸುಟ್ಟ ಯಂತ್ರವನ್ನು ಬಣ್ಣ ಬಳಿದು ಹಜಾರದಲ್ಲಿಡುವುದು ಸರಿಯೆ? ಘೋರವಾದುದನ್ನು ಪುಟ್ಟದು ಮಾಡಿದರೆ ಅದು ಮುದ್ದಾಗಿ ಕಾಣುವುದಿಲ್ಲವೆ?

ಈ ಶಂಕೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಪೆಟ್ಟಿಗೆಯ ಮೇಲಣ ಚಿತ್ರದಲ್ಲಿ ಬೆಂಕಿಯೂ ಹೊಗೆಯೂ ಚೆಲುವಾಗಿಯೇ ಕಾಣುತ್ತವೆ. ಕೆಳಗೆ ಮನೆಗಳಿದ್ದುವೆಂಬುದು ಕಾಣುವುದಿಲ್ಲ. ಆದರೆ ನಾನು ಕಂಡ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ನಮ್ಮ ಹುಡುಗನು ಮೊದಲು ಮನಸ್ಸಿಟ್ಟದ್ದು ಫಿರಂಗಿಗಳ ಮೇಲೆ, ಬಾಂಬುಗಳ ಮೇಲೆ. ಒಳಭಾಗವನ್ನು ಕಟ್ಟುವಾಗ ಪೀಠಗಳು ಬಂದುವು. ಏಳು ಮಂದಿಯ ತಂಡವೆಂದು ಪುಸ್ತಕದಲ್ಲಿ ಓದಿದನು. ಒಂದಂಗುಲದ ಮನುಷ್ಯರನ್ನು ಒಬ್ಬೊಬ್ಬರಾಗಿ ಕೂರಿಸುತ್ತ, ಬಾಲದ ಗೂಡಿನಲ್ಲಿ ಒಬ್ಬನೇ ಹಿಂದುಮುಂದಾಗಿ ಕೂರಬೇಕಾದವನನ್ನು ಕೈಯಲ್ಲಿ ಹಿಡಿದು, “ಇವನು ಹೊರಗೆ ಹೇಗೆ ಬರುತ್ತಿದ್ದ?” ಎಂದು ಕೇಳಿದನು. ಬಾಗಿಲು ಎಲ್ಲಿದೆಯೆಂದು ನಕ್ಷೆಯಲ್ಲಿ ಹುಡುಕಿದನು. ಅದು ಎಷ್ಟು ಇಕ್ಕಟ್ಟು ಎಂದು ಅಳತೆಪಟ್ಟಿಯೇ ಅವನಿಗೆ ಹೇಳಿತು. ಆ ದಿನ ಅವನು ಮತ್ತೆ ಬಾಂಬುಗಳ ಮಾತನ್ನೆತ್ತಲಿಲ್ಲ.

ಅಳತೆಯನ್ನು ಬಿಟ್ಟ ಆಟಿಕೆಯು ಯುದ್ಧವನ್ನು ಚಿಕ್ಕದು ಮಾಡೀತು. ಅಳತೆಗೆ ನಿಷ್ಠವಾದುದು ಅದರೊಳಗೆ ಕೂತಿದ್ದ ಮನುಷ್ಯನನ್ನು ಮರೆಯಗೊಡುವುದಿಲ್ಲ. ಮನುಷ್ಯನೇ ಅಲ್ಲಿ ಮಾನದಂಡ. ಒಳಗಿದ್ದವನು ನೆನಪಾದ ಮೇಲೆ ಕೆಳಗಿದ್ದವನು ನೆನಪಾಗುವುದಕ್ಕೆ ಬಹಳ ಹೊತ್ತು ಹಿಡಿಯದು.

ನವರಾತ್ರಿಯಲ್ಲಿ ಬೊಂಬೆಗಳನ್ನು ಕೂರಿಸುವಾಗ ಮನೆಯ ಹಿರಿಯಾಕೆ ತಾನಾಗಿಯೇ ಹುಡುಗನನ್ನು ಕರೆದು, ಕೆಳಗಣ ಮೆಟ್ಟಿಲಿನಲ್ಲಿ ಆ ವಿಮಾನಕ್ಕೆ ಒಂದು ಮೊಳ ಜಾಗವನ್ನು ಬಿಟ್ಟುಕೊಟ್ಟರು. ನೋಡಲು ಬಂದವರೆಲ್ಲ ಅದೇನೆಂದು ಕೇಳಿದರು. ಲೋಕದಲ್ಲಿ ಅದರ ಮೂಲವು ಒಂದೂ ಉಳಿದಿಲ್ಲವೆಂದು ಹುಡುಗನು ಪ್ರತಿಯೊಬ್ಬರಿಗೂ ತಾಳ್ಮೆಯಿಂದ ಹೇಳುತ್ತಿದ್ದನು.